ತಂತಿ ಕಟ್ಟಿದ ಗಾಡಿ

ಆ ದಿನ ಬೆಳಿಗ್ಗೆಯಿಂದ ಆರು ಸಲ ಫೋನ್ ಬಂತು. ಆರು ಸಲವೂ ಕಟ್ ಮಾಡಿದೆ. ನಂಬರು ಸೇವ್ ಮಾಡಿಕೊಂಡಿರಲಿಲ್ಲ, ಆದರೆ ಕಡೆಯ ನಾಲ್ಕು ಅಂಕಿ ನೋಡಿದರೆ ಸಾಕು, ಯಾರದ್ದು ಅಂತ ಗೊತ್ತಾಗುತ್ತಿತ್ತು. ಪುಣಜನೂರಿನ ನನ್ನ ಅಕ್ಕ ಮಲ್ಲಿಗಮ್ಮನ ಮಗಳು ಭಾನು. ಅಕ್ಕನ ಮನೆಯವರ ಜೊತೆ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಮಾತು ಬಿಟ್ಟವನಿಗೆ ಒಂದೇ ಬೆಳಿಗ್ಗೆ ಆರು ಸಲ ಯಾಕೆ ಫೋನ್ ಮಾಡುತ್ತಾರೆ ಅಂತ ನನ್ನ ಮಂಡೆಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಆರನೇ ಸಲಕ್ಕೆ ರೇಗಿ ಸ್ವಿಚ್ ಆಫ್ ಮಾಡಿ, ಸ್ಪ್ಯಾನರ್ ಡಬ್ಬಿಯೊಳಗೆ ಎಸೆದೆ.

ನನ್ನ ಹೆಸರು ನಿಂಗರಾಜು. ಹಂಗಳದ ಬಸ್ ಸ್ಟಾಪಿನ ಪಕ್ಕ ಬೈಕ್ ರಿಪೇರಿ ಶೆಡ್ಡು ಇಟ್ಟುಕೊಂಡಿದ್ದೇನೆ. ಕೋಪ ಜಾಸ್ತಿ ಅಂತ ಊರೆಲ್ಲಾ ಹೇಳುತ್ತದೆ. ಸುಳ್ಳೇನೂ ಅಲ್ಲ.

ಮಧ್ಯಾಹ್ನ ಎರಡು ಗಂಟೆಗೆ ಹತ್ತು ನಿಮಿಷವಿತ್ತು. ನನ್ನ ಹೆಂಡತಿ ಸುಂದ್ರಮ್ಮ ಸ್ಕೂಲಿನ ಬಿಸಿಯೂಟದ ಅಡುಗೆ ಕೆಲಸದಿಂದ ಒದ್ದೆ ಕೈಯಲ್ಲೇ ಓಡಿ ಬಂದಳು.

"ಏನ್ ಮನ್ಸ ನೀನು? ಫೋನ್ ಎತ್ತಕ್ಕೂ ಆಗಲ್ವಾ ನಿನ್ ಕೈಲಿ? ನಿಮ್ಮಕ್ಕ ಓಗ್ಬುಟ್ಲು ಕಣ! ಬೆಳಿಗ್ಗೆ ಎದೆ ನೋವು ಅಂತ ಕೂತ್ಕಂಡೋಳು ಮೇಲಕ್ಕೇ ಏಳ್ನಿಲ್ವಂತೆ."

ನಾನು ಕೈಯಲ್ಲಿದ್ದ ಬಟ್ಟೆಯಿಂದ ಕೈ ಒರೆಸುತ್ತಲೇ ಇದ್ದೆ. ಒರೆಸಿದ ಕೈಯನ್ನೇ ಮತ್ತೆ ಒರೆಸಿದೆ.

"ನನ್ ಫೋನು ಬ್ಯಾಗಲ್ಲಿತ್ತು, ಮಕ್ಳಿಗೆಲ್ಲ ಬಡಿಸ್ಬುಟ್ಟು ಈಗ ನೋಡ್ದೆ. ನಾಕ್ ಗಂಟ್ಗೆ ಎತ್ತುತಾರಂತೆ. ತೌರ್ ಸೀರೆ ತಕಂಡು ಮಾವ ಬತ್ತದ ಅಂತ ಕಾಯ್ಕಂಡು ಕೂತವ್ರೆ ಕಣ" ಅಂದು ಅಲ್ಲೇ ಕುಕ್ಕರಿಸಿ ಅಳತೊಡಗಿದಳು.

ನಮ್ಮ ಕಡೆ ಗಂಡ ಇರುವಾಗಲೇ ಸತ್ತ ಹೆಂಗಸಿಗೆ ಕೊನೆಯ ಸೀರೆ ತವರಿನಿಂದ ಬರಬೇಕು. ಹಸಿರು ಸೀರೆ, ಹೂವು. ಅಣ್ಣನೋ ತಮ್ಮನೋ ತಂದು ಮೈಮೇಲೆ ಹಾಕಿದ ಮೇಲೇ ಎತ್ತುವುದು. ಬರದಿದ್ದರೆ ತವರಿಲ್ಲದ ಹೆಣ ಅನ್ನುತ್ತಾರೆ. ಆ ಮಾತು ಅವಳ ಜೊತೆ ಮಣ್ಣಾಗುವುದಿಲ್ಲ, ಮಕ್ಕಳ ತಲೆಯ ಮೇಲೆ ಉಳಿಯುತ್ತದೆ. ಬೇರೆ ಊರಾಗಿದ್ದರೆ ಹೊತ್ತು ಮುಳುಗುವವರೆಗೂ ಕಾಯುತ್ತಿದ್ದರು. ಪುಣಜನೂರಿನ ಸ್ಮಶಾನ ಕಾಡಿಗೆ ಅಂಟಿಕೊಂಡಿದೆ, ಐದು ಗಂಟೆಗೆಲ್ಲಾ ಆನೆಗಳು ನೀರಿಗೆ ಇಳಿಯುತ್ತವೆ. ಅದಕ್ಕೇ ಅಲ್ಲಿ ನಾಲ್ಕಕ್ಕೆ ಎತ್ತಿ, ನಾಲ್ಕೂವರೆಗೆ ಮಣ್ಣು ಮುಚ್ಚಿ ವಾಪಸ್ ಬಂದುಬಿಡುತ್ತಾರೆ. ಬ್ರಹ್ಮನೇ ಬಂದು ಕೇಳಿದರೂ ಅದರಾಚೆ ತಡೆಯುವುದಿಲ್ಲ.

ಹಂಗಳದಿಂದ ಗುಂಡ್ಲುಪೇಟೆ, ಅಲ್ಲಿಂದ ಚಾಮರಾಜನಗರ, ಅಲ್ಲಿಂದ ಪುಣಜನೂರು. ಮೂರು ಬಸ್ಸು. ಬಸ್ಸು ನೆಚ್ಚಿಕೊಂಡರೆ ಆರು ಗಂಟೆಗೂ ಮುಟ್ಟುತ್ತಿರಲಿಲ್ಲ. ಶೆಡ್ಡಿನಲ್ಲಿ ನಾಲ್ಕು ಗಾಡಿ ಇದ್ದವು. ಒಂದರ ಇಂಜಿನ್ನನ್ನು ಬಿಚ್ಚಿ ಗೋಣಿಚೀಲದ ಮೇಲೆ ಹರಡಿದ್ದೆ, ಒಂದಕ್ಕೆ ಚಕ್ರವಿರಲಿಲ್ಲ, ಒಂದಕ್ಕೆ ಚೈನಿರಲಿಲ್ಲ. ಊರಲ್ಲಿ ಯಾರನ್ನಾದರೂ ಕೇಳಬಹುದಿತ್ತು. ಆದರೆ ನಾನು ಬೈಯದೆ ಬಿಟ್ಟ ಮನೆ ಹಂಗಳದಲ್ಲಿ ಯಾವುದಿದೆ? ನಾಲ್ಕನೆಯ ಗಾಡಿಯ ಕಡೆಗೆ ನಾನು ತಿರುಗಿದ್ದು ನೋಡಿ ಸುಂದ್ರಮ್ಮ ಅಳುವುದನ್ನು ನಿಲ್ಲಿಸಿದಳು.

"ಅದ್ರಲ್ಲಾ? ಬ್ಯಾಡ ಕಣ. ಅದ್ರಲ್ಲಿ ಮಾತ್ರ ಆ ಮನೆ ಮುಂದೆ ಓಗಿ ನಿಂತ್ಕಬ್ಯಾಡ."

ಅವಳು ಹಾಗೆ ಹೇಳಿದ್ದಕ್ಕೆ ಕಾರಣ ಇತ್ತು. ಗುಜರಿಯಿಂದ ತಂದು ನಾನೇ ಕಟ್ಟಿ ನಿಲ್ಲಿಸಿದ ಹಳೇ ಕಾಲದ ದೊಡ್ಡ ಗಾಡಿ ಅದು. ಅಕ್ಕನ ಗಂಡ ಮಾದಣ್ಣ ಆಗ ಕಾಡಿನಲ್ಲಿ ದಿನಗೂಲಿ ವಾಚರ್ ಆಗಿದ್ದ. ಭಾವ ಓಡಾಡಲಿಕ್ಕೆ ಇರಲಿ ಅಂತ ನಾನೇ ಅದನ್ನು ಕೊಟ್ಟಿದ್ದೆ. ಇಂಥ ಗಾಡಿಯಲ್ಲಿ ಇಂಜಿನ್ನು ನಿಧಾನ ತಿರುಗುವಾಗ ಕಿಡಿ ತಡವಾಗಿ ಬೀಳಬೇಕು, ಜೋರಾಗಿ ತಿರುಗುವಾಗ ಬೇಗ ಬೀಳಬೇಕು. ಅದನ್ನು ತಾನೇ ಹಿಂದೆ ಮುಂದೆ ಮಾಡಲಿಕ್ಕೆ, ಇಂಜಿನ್ನಿಗೆ ಕಿಡಿ ಕೊಡುವ ಪಾಯಿಂಟ್ ಡಬ್ಬಿಯೊಳಗೆ ಎರಡು ಸಣ್ಣ ತೂಕದ ತುಂಡು, ಎರಡು ಕೂದಲಿನಂಥ ಸ್ಪ್ರಿಂಗು ಇರುತ್ತವೆ. ಒಂಬತ್ತು ವರ್ಷದ ಹಿಂದೆ ಆ ಸ್ಪ್ರಿಂಗುಗಳು ಸವೆದು ತುಂಡಾದವು. ಮೈಸೂರಿನವರೆಗೂ ಹುಡುಕಿಸಿದೆ, ಸಿಗಲಿಲ್ಲ. ಬೆಳಿಗ್ಗೆ ಡ್ಯೂಟಿಗೆ ಹೋಗಲೇಬೇಕು ಅಂತ ಭಾವ ಶೆಡ್ಡಿನಲ್ಲೇ ಕೂತಿದ್ದ. ನಾನು ಆ ಎರಡೂ ತುಂಡುಗಳು ಜೋರಿನ ಜಾಗದಲ್ಲೇ ನಿಲ್ಲುವಂತೆ ತಾಮ್ರದ ತಂತಿ ಸುತ್ತಿ ಬಿಗಿದೆ. ಕಿಡಿ ಬೀಳುವ ಟೈಮಿಂಗು ಅಲ್ಲಿಗೇ ಫಿಕ್ಸ್ ಆಯಿತು.

ಓಡುವಾಗ ಅದರಿಂದ ಏನೂ ತೊಂದರೆಯಿಲ್ಲ. ಸ್ಟಾರ್ಟ್ ಮಾಡುವಾಗ ಮಾತ್ರ ಪಿಸ್ಟನ್ನು ಪೂರ್ತಿ ಮೇಲೆ ಬರುವ ಮೊದಲೇ ಕಿಡಿ ಬಿದ್ದು ಅದನ್ನು ಹಿಂದಕ್ಕೆ ದಬ್ಬುತ್ತದೆ. ಆಗ ಕಿಕ್ಕರ್ ವಾಪಸ್ ಬಂದು ಕಾಲಿಗೆ ಬಡಿಯುತ್ತದೆ. ಅದಕ್ಕೇ ಕಿಕ್ ಹೊಡೆಯುವ ಮುಂಚೆ ಡಬ್ಬಿಯ ಬೋಲ್ಟು ಸಡಿಲಿಸಿ, ಡಬ್ಬಿಯನ್ನು ಒಂದು ಬೆರಳಿನಷ್ಟು ಹಿಂದಕ್ಕೆ ತಿರುಗಿಸಬೇಕು. ಇಂಜಿನ್ನು ಹಿಡಿದುಕೊಂಡ ಮೇಲೆ ಮತ್ತೆ ಮುಂದಕ್ಕೆ. ಇಷ್ಟನ್ನು ಭಾವನಿಗೆ ಹೇಳಬೇಕಿತ್ತು. ನಾನು ಹೇಳಲಿಲ್ಲ. ಹೊತ್ತಾಯಿತು ಅಂತ ಅವನು ಹೊರಟ, ನಾನೇ ಸ್ಟಾರ್ಟ್ ಮಾಡಿ ಕೊಟ್ಟು ಕಳಿಸಿದೆ.

ಮಾರನೇ ಬೆಳಿಗ್ಗೆ ಭಾವ ತನ್ನ ಮನೆಯ ಮುಂದೆ ಕಿಕ್ ಹೊಡೆದ. ಕಿಕ್ಕರ್ ತಿರುಗಿ ಬಂದು ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ಮೂಳೆ ಸೊಟ್ಟಗೆ ಕೂಡಿಕೊಂಡಿತು. ಕುಂಟುವವನನ್ನು ಕಾಡು ಸುತ್ತಲು ಯಾರು ಇಟ್ಟುಕೊಳ್ಳುತ್ತಾರೆ, ಕೆಲಸವೂ ಹೋಯಿತು. ನೋಡಲು ಹೋದ ನಾನು ತಪ್ಪಾಯಿತು ಅನ್ನಬೇಕು ತಾನೆ? "ಕಿಕ್ ಒಡ್ಯಕ್ಕೆ ಬರ್ದೋನ್ಗೆ ಗಾಡಿ ಕೊಟ್ಟಿದ್ದೇ ನನ್ ತಪ್ಪು" ಅಂದೆ. ಭಾವ ಉಣ್ಣುತ್ತಿದ್ದ ತಟ್ಟೆ ಎಸೆದ. ಅಕ್ಕ ನಡುವೆ ಬಂದು "ಸುಮ್ನಿರ್ಲಾ ತಮ್ಮ, ನೋವಲ್ಲಿ ಅವ್ರೆ" ಅಂದಳು. ಗಂಡನ ಕಡೆ ನಿಂತಳು ಅಂತ ನನಗೆ ಇನ್ನೂ ಉರಿಯಿತು. "ಇವತ್ತಿಂದ ನಂಗೆ ಅಕ್ಕ ಇಲ್ಲ ಅಂದ್ಕತಿನಿ" ಅಂದು ಬಂದುಬಿಟ್ಟೆ. ವಾರದಲ್ಲಿ ಗಾಡಿ ಟೆಂಪೋದಲ್ಲಿ ವಾಪಸ್ ಬಂತು.

ಆಮೇಲೆ ಸ್ಪ್ರಿಂಗು ಸಿಕ್ಕವು. ನಾನು ಹಾಕಲಿಲ್ಲ. ತಂತಿ ಬಿಚ್ಚಿದರೆ ತಪ್ಪು ನನ್ನದೇ ಅಂತ ಒಪ್ಪಿಕೊಂಡ ಹಾಗಲ್ಲವೇ! ಒಂಬತ್ತು ವರ್ಷ ಶೆಡ್ಡಿನ ಮುಂದೆ ನಾಲ್ಕು ಜನ ನೋಡುವಾಗ, ಆ ಬೋಲ್ಟು ಮುಟ್ಟದೆ, ಒಂದೇ ಒದೆತಕ್ಕೆ ಸ್ಟಾರ್ಟ್ ಮಾಡಿ ತೋರಿಸುತ್ತಿದ್ದೆ. ಅರೆಮನಸ್ಸು ಮಾಡದೆ ಪೂರ್ತಿ ಭಾರ ಹಾಕಿ ಒದ್ದರೆ ಹತ್ತಕ್ಕೆ ಒಂಬತ್ತು ಸಲ ಹಿಡಿದುಕೊಳ್ಳುತ್ತದೆ. "ನೋಡ್ರಲಾ, ಗಾಡಿ ಸರ್ಯಾಗೇ ಅದ" ಅಂತ ಕೇಳದವರಿಗೂ ಹೇಳುತ್ತಿದ್ದೆ. ಎಂಥ ನಾಚಿಕೆಗೆಟ್ಟ ಬದುಕು ನೋಡಿ.

ಆವತ್ತೂ ಒಂದೇ ಒದೆತಕ್ಕೆ ಹಿಡಿದುಕೊಂಡಿತು. ಸುಂದ್ರಮ್ಮ ಬಸ್ಸಿನಲ್ಲಿ ಬರುತ್ತೇನೆ ಅಂದಳು. ನಾನು ತಲೆಯಾಡಿಸಿದ್ದೂ ನೆನಪಿಲ್ಲ.

ಗುಂಡ್ಲುಪೇಟೆಯ ಬಟ್ಟೆ ಅಂಗಡಿಯ ಮುಂದೆ ನಿಂತಾಗ ಎರಡೂ ಕಾಲು. ಫಿಕ್ಸ್ ಟೈಮಿಂಗಿನ ಇಂಜಿನ್ನು ಸುಮ್ಮನೆ ನಿಂತಲ್ಲಿ ಬದುಕುವುದಿಲ್ಲ, ಆಕ್ಸಿಲರೇಟರ್ ಬಿಟ್ಟರೆ ಕಟಕಟ ಅಂದು ಸತ್ತೇ ಹೋಗುತ್ತದೆ. ಬಿಸಿಯಾದ ಮೇಲೆ ಸ್ಟಾರ್ಟ್ ಮಾಡುವುದು ತಣ್ಣಗಿದ್ದಾಗಿನಷ್ಟು ಸಲೀಸಲ್ಲ. ಆಕ್ಸಿಲರೇಟರ್ ಬಿಡದೆಯೇ ಗಾಡಿಯನ್ನು ದೊಡ್ಡ ಸ್ಟ್ಯಾಂಡ್ ಹಾಕಿ ನಿಲ್ಲಿಸಿ ಸುತ್ತ ನೋಡಿದೆ. ಅಂಗಡಿಯ ಮೆಟ್ಟಿಲ ಪಕ್ಕ ದೊಡ್ಡಮಲ್ಲಮ್ಮ ಅನ್ನುವ ಮುದುಕಿ ಹೂವು ಮಾರುತ್ತಾ ಕೂತಿದ್ದಳು. ಅವಳ ಮೊಮ್ಮಗನ ಗಾಡಿ ನನ್ನ ಶೆಡ್ಡಿಗೇ ಬರುವುದರಿಂದ ಮುಖ ಪರಿಚಯವಿತ್ತು.

"ಅವ್ವ, ಬಾ ಇಲ್ಲಿ. ಇದ್ನ ಇಂಗೆ ವಸಿ ತಿರುಗಿಸಿ ಇಡ್ಕ. ಬುಡ್ಬ್ಯಾಡ. ಬುಟ್ರೆ ನನ್ ಕತೆ ಮುಗೀತು."

"ಅಯ್ಯೋ ಮುಂಡೇದೆ, ನಂಗೇನ್ ಗೊತ್ತಾದದ್ಲಾ ಗಾಡಿ? ಮೈಮ್ಯಾಲ್ ಅತ್ತುಬುಟ್ರೆ?"

"ಅತ್ತಲ್ಲ ಕಣವ್ವ. ನಮ್ಮಕ್ಕ ಸತ್ತೋಗವ್ಳೆ. ತೌರ್ ಸೀರೆ ತಕಬೇಕು, ನಾಕ್ ಗಂಟ್ಗೆ ಪುಣಜನೂರಲ್ಲಿರ್ಬೇಕು."

ಮುದುಕಿ ಹೂವಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ಎದ್ದು ಬಂದು ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದುಕೊಂಡು, ದಾರಿಯಲ್ಲಿ ಹೋಗುವವರೆಲ್ಲ ನಗುತ್ತಿದ್ದರೂ ಹಲ್ಲುಕಚ್ಚಿ ನಿಂತಳು. ನಾನು ಒಳಗೆ ಹೋಗಿ ಕೈಗೆ ಸಿಕ್ಕಿದ ಹಸಿರು ಸೀರೆ ತೆಗೆದುಕೊಂಡೆ. ಅಂಗಡಿಯವನು "ಅಂಚು ಯಾವ್ದು ಬೇಕಣ್ಣ, ಇನ್ನೂ ಬಿಚ್ಚಿ ತೋರಿಸ್ತೀನಿ" ಅಂದ. ಅಕ್ಕನಿಗೆ ಯಾವ ಅಂಚು ಇಷ್ಟ ಅಂತ ನನಗೆ ಗೊತ್ತಿರಲಿಲ್ಲ. ಒಂಬತ್ತು ವರ್ಷದಲ್ಲಿ ಅವಳ ಕೂದಲು ಬೆಳ್ಳಗಾಗಿತ್ತೋ ಇಲ್ಲವೋ ಅದೂ ಗೊತ್ತಿರಲಿಲ್ಲ. ಹೊರಗೆ ಬಂದಾಗ ಮುದುಕಿ ಇನ್ನೂ ಹಿಡಿದೇ ಇದ್ದಳು. ಒಂದು ಮೊಳ ಮಲ್ಲಿಗೆ ಚೀಲಕ್ಕೆ ಹಾಕಿ, ಕಾಸು ಕೊಡಲು ಹೋದರೆ ಕೈ ತಳ್ಳಿದಳು.

"ಓಗು, ಬಿರ್ನೆ ಓಗು. ಎಣ್ಮಕ್ಳು ತೌರೋರ್ಗೆ ಅಂತ ಬಾಕ್ಲು ಕಾಯೋದು ಇದೇ ಕಡೇ ಸಲ ಕಣ್ಲಾ."

ತೆರಕಣಾಂಬಿ ದಾಟುವವರೆಗೂ ಗಾಡಿ ಚೆನ್ನಾಗಿ ಓಡಿತು. ಆ ಟೈಮಿಂಗು ಇರುವುದೇ ಓಟಕ್ಕೆ. ಅರವತ್ತರ ಮೇಲೆ ಇಟ್ಟರೆ ಸದ್ದೇ ಬೇರೆ, ಎಳೆತವೇ ಬೇರೆ. ಮೂರೂವರೆಗೆ ಪುಣಜನೂರು, ಇನ್ನೇನು ಮುಟ್ಟಿದೆ ಅಂದುಕೊಂಡೆ. ಆದರೆ ದಿಣ್ಣೆ ಬಂದಾಗಲೆಲ್ಲ, ಯಾರಾದರೂ ಅಡ್ಡ ಬಂದು ನಿಧಾನ ಮಾಡಿದಾಗಲೆಲ್ಲ, ಒಳಗಿನಿಂದ ಟಣಟಣ ಅಂತ ಬಡಿಯುತ್ತಿತ್ತು. ಬಿಸಿಲು ಬೇರೆ. ತೊಡೆಗೆ ತಾಗುವ ಬಿಸಿ ನೋಡಿದರೆ ಇಂಜಿನ್ನು ಬೇಯುತ್ತಿದೆ ಅಂತ ಗೊತ್ತಾಗುತ್ತಿತ್ತು. ಬೇರೆ ಯಾರಾದರೂ ಹೀಗೆ ಓಡಿಸಿದ್ದರೆ ನಾನೇ ಅಟ್ಟಿಸಿಕೊಂಡು ಹೋಗಿ ಬೈಯುತ್ತಿದ್ದೆ.

ಉಡಿಗಾಲದ ಹತ್ತಿರ ರಸ್ತೆ ತುಂಬಾ ಕುರಿ. ಹಾರ್ನ್ ಹೊಡೆದೆ, ಕೂಗಿದೆ, ಕುರಿಗಳಿಗೆ ಏನು ಗೊತ್ತು. ಕಾಲು ಕೆಳಗಿಟ್ಟು ಆಕ್ಸಿಲರೇಟರ್ ಜೋರಾಗಿಯೇ ಹಿಡಿದಿದ್ದೆ. ಒಂದು ಮರಿ ಚಕ್ರಕ್ಕೇ ಬಂತು ಅಂತ ಒಂದು ಕ್ಷಣ ಕೈ ಸಡಿಲಿಸಿದೆ ಅಷ್ಟೇ, ಇಂಜಿನ್ನು ಕಟಕ್ ಅಂದು ನಿಂತುಹೋಯಿತು. ಕುರಿಗಳೆಲ್ಲ ದಾಟಿಹೋದವು. ಗಂಟೆ ಮೂರು.

ಒದ್ದೆ. ಕಿಕ್ಕರ್ ತಿರುಗಿ ಬಂದು ಮೀನಖಂಡಕ್ಕೆ ಬಡಿಯಿತು. ಒಂಬತ್ತು ವರ್ಷದಲ್ಲಿ ಹಾಗೆ ಬಡಿದದ್ದು ಒಂದೆರಡು ಸಲ ಇರಬಹುದು, ಯಾರಿಗೂ ಹೇಳಿರಲಿಲ್ಲ. ಎರಡನೇ ಸಲ ಒದ್ದೆ, ಈ ಸಲ ಮೂಳೆಗೇ ಬಡಿಯಿತು. ಅಮ್ಮಾ ಅಂತ ಕೂಗಿ ರಸ್ತೆಯ ಮೇಲೆ ಕೂತುಬಿಟ್ಟೆ. ಪ್ಯಾಂಟು ಹರಿದು ರಕ್ತ ಬೂಟಿನೊಳಗೆ ಇಳಿಯಿತು. ಹಲ್ಲುಕಚ್ಚಿ ಮೂರನೇ ಸಲಕ್ಕೆ ಎದ್ದು ಕಿಕ್ಕರ್ ಮೇಲೆ ಕಾಲಿಟ್ಟೆ, ಒದೆಯಲಾಗಲಿಲ್ಲ. ಕಾಲು ಗಡಗಡ ನಡುಗುತ್ತಿತ್ತು. ಹೆದರಿದ ಕಾಲು ಅರ್ಧ ಒದೆಯುತ್ತದೆ, ಅರ್ಧ ಒದ್ದರೆ ಮೂಳೆ ಮುರಿಯುತ್ತದೆ. ಭಾವ ಆವತ್ತು ಹೀಗೇ ಬಿದ್ದಿದ್ದ. ಅವನ ಮುಂದೆ ನಿಂತು ಕಿಕ್ ಹೊಡೆಯಲು ಬರುವುದಿಲ್ಲ ಅಂತ ಹೇಳಿದ್ದೆ ನಾನು.

ಅರ್ಧ ಗಂಟೆ ದಾರಿಯಲ್ಲಿ ಬಂದವರಿಗೆಲ್ಲ ಕೈ ಅಡ್ಡ ಹಾಕಿದೆ. ಒಂದು ಕಾರು ನಿಲ್ಲಲಿಲ್ಲ, ಒಂದು ಲಗೇಜ್ ಆಟೋ ತುಂಬಾ ಜನ. ಮೈಯೆಲ್ಲಾ ಗ್ರೀಸು, ಕಾಲಿನಲ್ಲಿ ರಕ್ತ, ಯಾರೋ ಜಗಳವಾಡಿ ಬಂದವನು ಅಂದುಕೊಂಡಿರಬೇಕು. ಸೀರೆಯ ಚೀಲವನ್ನು ಎತ್ತಿ ತೋರಿಸಿದೆ. ಚೀಲ ನೋಡಿ ಯಾರಿಗೆ ಏನು ಗೊತ್ತಾಗಬೇಕು! ಅಕ್ಕ ಅಲ್ಲಿ ಮಲಗಿದ್ದಾಳೆ, ಎಲ್ಲರೂ ಬಾಗಿಲು ನೋಡುತ್ತಿದ್ದಾರೆ, ನಾನು ಇಲ್ಲಿ ಕುರಿ ಹಿಕ್ಕೆಯ ನಡುವೆ ಕುಂಟುತ್ತಿದ್ದೇನೆ. ಜೋರಾಗಿ ಅತ್ತೆ. ಅಳುತ್ತಲೇ ಸೀಟಿನ ಕೆಳಗಿನಿಂದ ಹತ್ತನೇ ನಂಬರಿನ ಸ್ಪ್ಯಾನರ್ ತೆಗೆದೆ.

ಬೋಲ್ಟು ಸಡಿಲಿಸಿದೆ. ಕರವಸ್ತ್ರ ಸುತ್ತಿ, ಕಾದ ಡಬ್ಬಿಯನ್ನು ಹಿಡಿದು ಒಂದು ಬೆರಳು ಹಿಂದಕ್ಕೆ ತಿರುಗಿಸಿದೆ. ನಡುಗುವ ಕಾಲಲ್ಲೇ ಮೆಲ್ಲಗೆ ಒದ್ದೆ. ಹೇಳಿದ ಮಾತು ಕೇಳುವ ಮಗುವಿನ ಹಾಗೆ ಸ್ಟಾರ್ಟ್ ಆಯಿತು. ಓಡುತ್ತಿರುವ ಇಂಜಿನ್ನಿನ ಡಬ್ಬಿಯನ್ನು ಮತ್ತೆ ಮುಂದಕ್ಕೆ ತಿರುಗಿಸುವಾಗ ಕರವಸ್ತ್ರ ಜಾರಿ ಅಂಗೈ ಸುಟ್ಟಿತು. ಸುಡಲಿ ಅಂದುಕೊಂಡೆ. ಬೋಲ್ಟು ಬಿಗಿ ಮಾಡಿದೆ. ಎಲ್ಲ ಸೇರಿ ಎರಡು ನಿಮಿಷದ ಕೆಲಸ. ಭಾವನ ಕಾಲು, ಭಾವನ ಕೆಲಸ, ಅಕ್ಕನ ಜೊತೆಗಿನ ಒಂಬತ್ತು ವರ್ಷ ಎಲ್ಲಾ ಹೋದದ್ದು ಈ ಎರಡು ನಿಮಿಷವನ್ನು ನಾನು ಬಾಯಿಬಿಟ್ಟು ಹೇಳದೆ ಇದ್ದದ್ದಕ್ಕೆ. ಆದರೂ ಅಷ್ಟು ಹೊತ್ತಿಗೆ ಗಂಟೆ ಮೂರು ಮುಕ್ಕಾಲಾಗಿತ್ತು.

ಚಾಮರಾಜನಗರದಲ್ಲಿ ಸಿಗ್ನಲ್ ನೋಡಲಿಲ್ಲ, ಯಾರೋ ಕೆಟ್ಟದಾಗಿ ಬೈದರು. ಊರು ದಾಟಿ ಸತ್ಯಮಂಗಲದ ರಸ್ತೆ ಹಿಡಿದೆ. ಮುಂದೆ ತಮಿಳುನಾಡಿನ ಲಾರಿಗಳು ಸಾಲಾಗಿ ಹೋಗುತ್ತಿದ್ದವು. ಒಂದೊಂದನ್ನೇ ಹಿಂದೆ ಹಾಕುವಾಗ ಎದುರಿಗೆ ಬಂದವರು ದೀಪ ಮಿಣುಕಿಸಿದರು. "ಅಕ್ಕಯ್ಯ, ವಸಿ ತಡಿ, ಅರ್ಧ ಗಂಟೆ ತಡಿ" ಅಂತ ಗಾಳಿಗೆ ಹೇಳಿಕೊಂಡು ಹೋದೆ. ಯಾರಿಗೂ ಬೇಡಿಕೊಂಡು ಅಭ್ಯಾಸವಿಲ್ಲದ ಬಾಯಿ, ಬೇರೆ ಮಾತು ಬರಲಿಲ್ಲ.

ಪುಣಜನೂರಿನ ಮನೆ ಮುಂದೆ ಬಂದಾಗ ನಾಲ್ಕೂ ಇಪ್ಪತ್ತು. ಅಂಗಳದಲ್ಲಿ ಯಾರೂ ಇಲ್ಲ. ತೊಳೆದ ನೆಲ ಇನ್ನೂ ಹಸಿಯಾಗಿತ್ತು. ಜಗುಲಿಯಲ್ಲಿ ಕೂತಿದ್ದ ಒಬ್ಬ ಅಜ್ಜಿ ನನ್ನನ್ನು ನೋಡಿ ಎದ್ದು ನಿಂತಳು.

"ಮಲ್ಲಿಗಿ ತಮ್ಮ ಅಲ್ವಾ ನೀನು? ಈಗ್ ತಾನೆ ಎತ್ಕಂಡೋದ್ರು. ಓಡಪ್ಪ, ಓಡು!"

ಸ್ಮಶಾನದ ದಾರಿ ಮರಳು. ನಿಧಾನವಾಗಿ ಹೋಗಲೇಬೇಕು, ನಿಧಾನ ಆ ಇಂಜಿನ್ನಿಗೆ ಆಗದು. ನಾಲ್ಕು ಸಲ ಬಡಿದು ಸತ್ತಿತು. ಗಾಡಿಯನ್ನು ಲಂಟಾನ ಪೊದೆಯ ಮೇಲೆ ಬೀಳಿಸಿ, ಚೀಲ ಎದೆಗೊತ್ತಿಕೊಂಡು ಕುಂಟುತ್ತಾ ಓಡಿದೆ. ದೂರದಿಂದಲೇ "ತಡೀರೀ, ತಡೀರೀ" ಅಂತ ಕೂಗಿದೆ. ಗುಂಡಿಯ ಸುತ್ತ ನಿಂತವರು ತಿರುಗಿ ನೋಡಿದರು.

ಅಕ್ಕನನ್ನು ಇನ್ನೂ ಇಳಿಸಿರಲಿಲ್ಲ. ಬೆಳ್ಳಗಾಗಿತ್ತು ಕೂದಲು. ಹಣೆ ತುಂಬಾ ಕುಂಕುಮ. ಮೈಮೇಲೆ ಹೊಸ ಹಸಿರು ಸೀರೆ, ಹಳದಿ ಅಂಚಿನದು, ಮಡಿಕೆ ಕೂಡಾ ಹೋಗಿರಲಿಲ್ಲ. ಅದನ್ನು ನೋಡಿ ನನಗೆ ಎಲ್ಲಿತ್ತೋ ಕೋಪ, ಉಕ್ಕಿ ಬಂತು. ಅಂಥ ಹೊತ್ತಿನಲ್ಲೂ ಬಂತು.

"ಯಾರಾಕಿದ್ದು ಈ ಸೀರೆಯ? ತೌರ್ನೋನು ನಾನು ಬದ್ಕಿಲ್ವ? ವಸಿ ಒತ್ತು ತಡೆಯಕ್ಕೆ ಆಗ್ನಿಲ್ವ ನಿಮ್ಗೆ?"

ಊರಿನ ಯಜಮಾನ ಮೂಗಯ್ಯ ನನ್ನ ಎದೆಯ ಮೇಲೆ ಕೈಯಿಟ್ಟ. "ಕೂಗಾಡ್ಬ್ಯಾಡ ಕಣಪ್ಪ. ನಿಂದೇ ಸೀರೆ ಅದು."

"ನಂದಾ?"

ಊರುಗೋಲು ಹಿಡಿದು ನಿಂತಿದ್ದ ಭಾವ ಮಾದಣ್ಣ ಹತ್ತಿರ ಬಂದ. ಹರಿದ ಪ್ಯಾಂಟು, ಬಾತ ಕಾಲು ನೋಡಿದ. "ಕಿಕ್ಕರ್ ಒಡೀತಾ?" ಅಂದ. ನಾನು ಹೂಂ ಅಂದೆ. "ತಪ್ಪು ನಂದೇ ಭಾವ. ತಂತಿ ಕಟ್ದೋನು ನಾನು. ಎಂಗೆ ಸ್ಟಾರ್ಟ್ ಮಾಡ್ಬೇಕು ಅಂತ ನಿಂಗೆ ಯೋಳ್ನೇ ಇಲ್ಲ" ಅಂದೆ. ಒಂಬತ್ತು ವರ್ಷದಲ್ಲಿ ಆಗದ ಮಾತು ಒಂದೇ ಉಸಿರಿಗೆ ಬಂದಿತ್ತು.

"ಅದು ನಂಗೆ ಗೊತ್ತು ಬುಡು" ಅಂದ ಭಾವ. "ಮೊದ್ಲು ಎಲ್ಡು ವರ್ಸ ನಿನ್ನ ಬೈಕಂಡೇ ಇದ್ದೆ. ಆಮ್ಯಾಕೆ ಬುಟ್ಬುಟ್ಟೆ. ನನ್ ಮ್ಯಾಲೆ ಎಷ್ಟ್ ಕೋಪ ಇದ್ರೂ ಅವ್ಳಿಗೆ ಗೌರಿ ಅಬ್ಬದ ಸೀರೆ ಕಳ್ಸೋದ ಒಂದ್ ವರ್ಸನೂ ತಪ್ಪಿಸ್ನಿಲ್ವಲ್ಲ ನೀನು. ಬೀದಿಗೆಲ್ಲ ತೋರ್ಸೋಳು, ನನ್ ತಮ್ಮ ಕಳ್ಸವ್ನೆ ಅಂತ. ಓದ್ ಅಬ್ಬದ್ದು ಇದು, ಪೆಟ್ಗೇಲಿ ಅಂಗೇ ಇಟ್ಟಿದ್ಲು. ನೀನ್ ಬರಾದು ತಡ ಆಯ್ತದ ಅಂತ ನಿನ್ ಸೀರೇನೇ ಉಡ್ಸುದೋ."

ನಾನು ಒಂದು ಸೀರೆಯನ್ನೂ ಕಳಿಸಿರಲಿಲ್ಲ. ಒಂದು ವರ್ಷವೂ ಇಲ್ಲ. ಸುಂದ್ರಮ್ಮ ಕಳಿಸೋಣ ಅಂದ ವರ್ಷ ಅವಳನ್ನೂ ಬೈದು ಬಾಯಿ ಮುಚ್ಚಿಸಿದ್ದೆ.

"ಭಾವ, ನಾನು..." ಅಂತ ಬಾಯಿ ತೆರೆದೆ. ಭಾನು ಬಂದು ನನ್ನ ತೋಳು ಬಿಗಿಯಾಗಿ ಹಿಡಿದಳು. ಅತ್ತು ಅತ್ತು ದನಿ ಸತ್ತುಹೋಗಿತ್ತು ಮಗುವಿಗೆ. ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದಳು.

"ಯೋಳ್ಬ್ಯಾಡ ಮಾವ. ಅಪ್ಪನ್ಗೂ ಗೊತ್ತಿಲ್ಲ. ಅವ್ವ ಚೆಂಡೂವು ಕುಯ್ಯಕ್ಕೋಗಿ ಕೂಲಿ ದುಡ್ಡು ಕೂಡಾಕಂಡು ಸೀರೆಯ ಅವ್ಳೇ ತತ್ತಿದ್ಲು, ನಾನೂ ಜೊತೇಲಿ ಓಯ್ತಿದ್ದೆ. ನನ್ ತಮ್ಮನ್ ಮ್ಯಾಲೆ ಈ ಊರ್ನೋರು ಒಂದ್ ಮಾತು ಆಡ್ಬಾರ್ದು ಅಂತಿದ್ಲು."

ಅಕ್ಕನ ಕಾಲಿನ ಹತ್ತಿರ ಮೊಣಕಾಲೂರಿ ಕೂತೆ. ಹುಟ್ಟಿದಾಗಿನಿಂದ ಬೇಕಾದ್ದು ಬೇಡದ್ದು ಎಲ್ಲವನ್ನೂ ಕೂಗಿ ಹೇಳಿದ ಬಾಯಿ ನನ್ನದು. ನಾನು ಕಳಿಸಲಿಲ್ಲ, ಒಂದನ್ನೂ ಕಳಿಸಲಿಲ್ಲ ಅಂತ ಆ ಕಾಡಿಗೆಲ್ಲ ಕೇಳುವ ಹಾಗೆ ಕೂಗಬೇಕು ಅನ್ನಿಸಿತು. ಕೂಗಿದರೆ ಅಕ್ಕ ಒಂಬತ್ತು ವರ್ಷ ಬಿಸಿಲಲ್ಲಿ ಬೆನ್ನು ಬಗ್ಗಿಸಿ ಉಳಿಸಿದ್ದನ್ನು ನಾನು ಅವಳ ಹೆಣದ ಮುಂದೆಯೇ ಹಾಳು ಮಾಡಿದಂತಾಗುತ್ತಿತ್ತು. ಸುಮ್ಮನಿದ್ದೆ. ಅಷ್ಟು ಕಷ್ಟದ ಕೆಲಸ ಯಾವತ್ತೂ ಮಾಡಿರಲಿಲ್ಲ.

"ಬಿರ್ನೆ ಮಾಡ್ರಪ್ಪ, ಆನೆ ಬರೋ ಒತ್ತಾಯ್ತು" ಅಂದ ಮೂಗಯ್ಯ.

ನಾನು ತಂದ ಸೀರೆಯನ್ನು ಬಿಚ್ಚಿ, ಅವಳು ತಾನೇ ತಂದುಕೊಂಡ ಸೀರೆಯ ಮೇಲೆ ಹೊದಿಸಿದೆ. ಮಲ್ಲಿಗೆ ಮುಡಿಸಿದೆ. ನಾಲ್ಕು ಜನ ಇಳಿಸಿದರು. ಮೊದಲ ಹಿಡಿ ಮಣ್ಣು ಭಾವ ಹಾಕಿದ, ಎರಡನೆಯದು ನನ್ನ ಕೈಗೆ ಕೊಟ್ಟರು. ಸುಟ್ಟ ಅಂಗೈಯಲ್ಲಿ ಮಣ್ಣು ಹಿಡಿದು ಬಗ್ಗಿದಾಗ, ಹಿಂದೆ ನಿಂತಿದ್ದ ಹೆಂಗಸರು ಮಾತಾಡಿಕೊಳ್ಳುವುದು ಕೇಳಿಸಿತು.

"ಪುಣ್ಯವಂತೆ ಕಣಮ್ಮಿ. ಎಲ್ಡೆಲ್ಡು ತೌರ್ ಸೀರೆ ಒದ್ಕಂಡೋದ್ಲು. ತಮ್ಮ ಅಂದ್ರೆ ಇಂಗಿರ್ಬೇಕು."